ಹೊರಗಿನ ಗೂಡಿನ ಎರಡನೆಯ ಲೋಟ

ಈ ವರ್ಷ ಏಪ್ರಿಲಿನಲ್ಲಿ ನಮ್ಮ ತುಳುವರ ಹೊಸ ವರ್ಷ, ಬಿಸು ಹಬ್ಬ, ಕಳೆದು ಬಂದ ಎರಡನೆಯ ಶನಿವಾರ, ಮಧ್ಯಾಹ್ನ ಮೂರು ಮುಕ್ಕಾಲಕ್ಕೆ, ನಾನು ವೇಣೂರಿನಲ್ಲಿ ನನ್ನ ಅಕ್ಕನ ಮನೆಯ ಬಲಬದಿಯ ಅಂಗಳದಲ್ಲಿ ಹೊರಗಿನ ನಲ್ಲಿಯ ಎದುರು ನಿಂತಿದ್ದೆ. ನಲ್ಲಿಯಿಂದ ಅಡಿಗೆಮನೆಯ ಬಾಗಿಲಿಗೆ ಐದು ಹೆಜ್ಜೆ, ಗೇಟಿಗೆ ಹದಿನಾಲ್ಕು. ಆಮೇಲೆ ಒಂದು ದಿನ ಹೋಗಿ ಅಳೆದಿದ್ದೇನೆ, ಅದರಿಂದ ಏನೂ ಆಗುವುದಿಲ್ಲವೆಂದು ಗೊತ್ತಿದ್ದೂ. ನನ್ನ ಬಲಗೈಯಲ್ಲಿ ಒಂದು ಸ್ಟೀಲಿನ ಲೋಟ ಇತ್ತು. ಅದು ನಾನು ನೀರು ಕುಡಿದದ್ದು. ಎಡಗೈಯಲ್ಲಿದ್ದ ಇನ್ನೊಂದು ಲೋಟವನ್ನು ಆಗಷ್ಟೇ ಗೋಡೆಯ ಗೂಡಿನಲ್ಲಿ ಬೋರಲು ಇಟ್ಟಿದ್ದೆ. ಅದು ನನ್ನ ವಿದ್ಯಾರ್ಥಿ ಕುಡಿದದ್ದು. ಬಿಸಿಲು ನನ್ನ ಮುಖಕ್ಕೆ ಹೊಡೆಯುತ್ತಿತ್ತು. ಹಾಗಾಗಿ ಗೇಟಿನಲ್ಲಿ ಯಾರೋ ನಿಂತಿದ್ದಾರೆಂದು ಮೊದಲು ತಿಳಿಯಿತು, ಯಾರೆಂದು ಒಂದು ಕ್ಷಣ ಬಿಟ್ಟು.

ಅಲ್ಲಿ ಆದದ್ದನ್ನು ಹೇಳಲು ಹೊರಟರೆ ಎರಡು ವಾಕ್ಯದಲ್ಲಿ ಮುಗಿಯುತ್ತದೆ. ನನ್ನ ಹೆಂಡತಿ ಪೂರ್ತಿ ಕೇಳಿ, "ಅಷ್ಟೆಯಾ?" ಎಂದಳು. ಅದಕ್ಕಾಗಿ ನಿಧಾನವಾಗಿ, ನನಗೆ ಗೊತ್ತಿರುವಷ್ಟನ್ನೇ ಬರೆಯುತ್ತೇನೆ.

ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಟೆಕ್ನೀಶಿಯನ್ ಆಗಿದ್ದವನು. ಹನ್ನೊಂದು ವರ್ಷ ಕುವೈತಿನಲ್ಲಿ, ಆಮೇಲೆ ಆರು ವರ್ಷ ಇಂಗ್ಲೆಂಡಿನಲ್ಲಿ. ಈಗ ಮನೆ ಬಂಟ್ವಾಳದಲ್ಲಿ. ವಾರಕ್ಕೆ ಮೂರು ದಿನ ಸಿದ್ಧಕಟ್ಟೆ ದಾರಿಯ ಬಸ್ಸು ಹಿಡಿದು ಮೂಡುಬಿದಿರೆಗೆ ಹೋಗಿ, ಒಂದು ಕಾಲೇಜಿನಲ್ಲಿ ಇದೇ ವಿದ್ಯೆಯ ಪ್ರಾಕ್ಟಿಕಲ್ ಹೇಳಿಕೊಡುತ್ತೇನೆ. ಆ ವಿದ್ಯಾರ್ಥಿ ಅಲ್ಲಿಯವನು. ತಾಂಜಾನಿಯಾ ದೇಶದಿಂದ ಬಂದವನು, ಇಪ್ಪತ್ತಮೂರು ವರ್ಷ. ಅವನ ಕೈ ಬಹಳ ಹಗುರ. ನರ ಸಿಗದ ಅಜ್ಜಿಯಂದಿರ ತೋಳಿನಲ್ಲೂ ಒಂದೇ ಚುಚ್ಚಿಗೆ ರಕ್ತ ಬರಿಸುತ್ತಿದ್ದ. ಆದರೆ ಅವನನ್ನು ಕಂಡ ಕೂಡಲೇ ತೋಳನ್ನು ಸೆರಗಿನೊಳಗೆ ಎಳೆದುಕೊಳ್ಳುವ ಅಜ್ಜಿಯಂದಿರೂ ಇದ್ದರು. ಆಗ ಅವನು ಸಿರಿಂಜನ್ನು ಟ್ರೇಯಲ್ಲಿಟ್ಟು, ನನ್ನ ಕಡೆ ನೋಡಿ, ಒಂದು ಹೆಜ್ಜೆ ಹಿಂದೆ ನಿಲ್ಲುತ್ತಿದ್ದ. ನಾನು ರಕ್ತ ತೆಗೆಯುತ್ತಿದ್ದೆ. ಅದರ ಬಗ್ಗೆ ನಾವು ಒಂದು ಸಲವೂ ಮಾತಾಡಿರಲಿಲ್ಲ.

ಮಾರ್ಚ್ ಕೊನೆಯಲ್ಲಿ ಅವನು ಇದ್ದ ರೂಮಿನವರು ಮಗಳ ಮದುವೆ ಉಂಟು, ರೂಮು ಬೇಕು ಎಂದರು. ಅವನಿಗೆ ಓದು ಒಂದು ವರ್ಷ ಬಾಕಿ. ವೀಸಾ ಮುಂದುವರಿಸಬೇಕಾದರೆ ವಾಸದ ವಿಳಾಸ ತೋರಿಸಬೇಕು. ಮನೆ ಕೊಟ್ಟವರು ಬಾಡಿಗೆ ಪತ್ರಕ್ಕೆ ಸಹಿ ಹಾಕಬೇಕು, ಪರದೇಶದವನು ನಮ್ಮಲ್ಲಿದ್ದಾನೆ ಎಂದು ಪೊಲೀಸರಿಗೆ ಒಂದು ಫಾರ್ಮು ತುಂಬಿ ಕಳಿಸಬೇಕು. ಇದು ಆಗದಿದ್ದರೆ ಓದನ್ನು ಅರ್ಧಕ್ಕೆ ಬಿಟ್ಟು ಅವನು ಊರಿಗೆ ಹೋಗಬೇಕು. ಆ ಕಾಗದಗಳನ್ನೆಲ್ಲ ಅವನು ಒಂದು ಹಸಿರು ಫೈಲಿನಲ್ಲಿ ಜೋಡಿಸಿಕೊಂಡು ಎಲ್ಲಿ ಹೋದರೂ ಹಿಡಿದುಕೊಂಡೇ ಹೋಗುತ್ತಿದ್ದ.

ಮೂಡುಬಿದಿರೆಯಲ್ಲಿ ಒಂಬತ್ತು ಮನೆ ಕೇಳಿದೆವು. ನಾಲ್ಕು ಅವನೊಬ್ಬನೇ ಹೋಗಿ ಕೇಳಿದ್ದು, ಐದಕ್ಕೆ ನಾನು ಜೊತೆಗಿದ್ದೆ. ಜೈನ ಬಸದಿಗಳ ಕಡೆಗೆ ಹೋಗುವ ರಸ್ತೆಯ ಒಂದು ಮನೆಯಲ್ಲಿ ಮಾಳಿಗೆ ಖಾಲಿ ಇತ್ತು. ಯಜಮಾನರು ನನಗೆ ಕುರ್ಚಿ ಕೊಟ್ಟು ಹೇಳಿದರು:

"ನಮಗೆ ಏನೂ ಅಡ್ಡಿ ಇಲ್ಲ ಸರ್. ನಾವು ಹಾಗೆಲ್ಲ ನೋಡುವವರಲ್ಲ. ಕೆಳಗಿನ ಬಾಡಿಗೆಯವರು ಉಂಟಲ್ಲ, ಅವರಲ್ಲಿ ಹೆಂಗಸರು ಮಕ್ಕಳು. ಅವರಿಗೆ ಆಗುದಿಲ್ಲ."

ಇಳಿದು ಬರುವಾಗ ಕೆಳಗಿನ ಬಾಡಿಗೆಯ ಹೆಂಗಸೇ ಬಾಗಿಲಲ್ಲಿ ಸಿಕ್ಕಿದರು. "ನಮಗೆಂತ? ಯಾರು ಬಂದರೂ ಒಂದೇ. ಓನರು ಒಪ್ಪುದಿಲ್ಲ ಅಂತ ಕಾಣ್ತದೆ ಅಲ್ವಾ?" ಎಂದು ಮರುಕದಿಂದ ಕೇಳಿದರು.

ಇನ್ನೊಂದು ಕಡೆ, ಹೊಸ ಕಟ್ಟಡದ ಮಾಲೀಕನೊಬ್ಬ ಅವನನ್ನು ಮೇಲಿಂದ ಕೆಳಗೆ ನೋಡಿ ನನ್ನಲ್ಲಿ ತುಳುವಿನಲ್ಲಿ, ಜನ ಹೇಗೆ ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ನನ್ನ ವಿದ್ಯಾರ್ಥಿ "ಎಡ್ಡೆ ಜನ" ಎಂದುಬಿಟ್ಟ. ಒಳ್ಳೆಯ ಜನ ಎಂದರ್ಥ. ಮಾಲೀಕನಿಗೆ ನಗು ತಡೆಯಲಾಗಲಿಲ್ಲ. ಒಳಗಿಂದ ಹೆಂಡತಿಯನ್ನು ಕರೆದ, ಮಕ್ಕಳನ್ನು ಕರೆದ. "ಇನ್ನೊಮ್ಮೆ ಹೇಳು ಮಾರಾಯ, ಇನ್ನೊಮ್ಮೆ!" ಎಂದು ಹೇಳಿಸಿ ವಿಡಿಯೋ ಮಾಡಿದ. ಹೆಗಲ ಮೇಲೆ ಕೈ ಹಾಕಿ ಸೆಲ್ಫಿ ತೆಗೆದ. ಎಲ್ಲರಿಗೂ ಶರಬತ್ತು ಬಂತು, ಕಾಗದದ ಕಪ್ಪಿನಲ್ಲಿ. ರೂಮಿನ ಮಾತು ಬಂದಾಗ ಮಾತ್ರ, "ಅದು ನಮ್ಮ ಭಾವನಿಗೆ ಅಂತ ಇಟ್ಟದ್ದು ಸರ್" ಎಂದ.

ಕಾಲೇಜಿನಲ್ಲೂ ಇಂಥದೇ ಒಂದು ಪ್ರೀತಿ ಇತ್ತು. ಹಿಂದಿನ ವರ್ಷ ಸಾಂಸ್ಕೃತಿಕ ದಿನಕ್ಕೆ ಎಲ್ಲ ಕಡೆಯ ಮಕ್ಕಳೂ ಅವರವರ ವೇಷ ಹಾಕಬೇಕೆಂದು ಆಯಿತು. ಇವನಿಗೆ ಹುಲ್ಲಿನ ಸೊಂಟಪಟ್ಟಿ, ಗರಿಯ ಟೊಪ್ಪಿ, ಒಂದು ಡೋಲು. ಇವನು ದೊಡ್ಡ ಪಟ್ಟಣದಲ್ಲಿ ಹುಟ್ಟಿ, ಚರ್ಚಿನಲ್ಲಿ ಕೀಬೋರ್ಡು ನುಡಿಸುವವನು. ಅಂಥ ಸೊಂಟಪಟ್ಟಿಯನ್ನು ಮೊದಲ ಸಲ ನೋಡಿದ್ದು ಮೂಡುಬಿದಿರೆಯಲ್ಲಿ. ಅವನು ಕುಣಿದ. ಬಹಳ ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ.

ರೂಮು ಹುಡುಕಿದ ಆ ದಿನಗಳಲ್ಲಿ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಾ ನಾನು ಅವನಿಗೆ ನನ್ನ ಕಥೆ ಹೇಳುತ್ತಿದ್ದೆ. ಸಮಾಧಾನವಾಗಲಿ ಎಂದು ಹೇಳಿದೆ ಎಂದುಕೊಂಡಿದ್ದೆ. ಈಗ ನೋಡಿದರೆ ಅದರಲ್ಲಿ ಸ್ವಲ್ಪ ಜಂಭವೂ ಇತ್ತು: ನಾನೂ ಪರದೇಶದಲ್ಲಿ ಇದನ್ನೆಲ್ಲ ಉಂಡವನು, ನಿನ್ನದು ನನಗೆ ಗೊತ್ತು ಎಂಬ ಜಂಭ. ನಮ್ಮ ಮಾತು ಇಂಗ್ಲಿಷಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಕುವೈತಿನ ನಮ್ಮ ಲ್ಯಾಬಿನಲ್ಲಿ ಚಹಾ ತರಲು ಬಾಂಗ್ಲಾದೇಶದ ಒಬ್ಬ ಮನುಷ್ಯ ಇದ್ದ. ಕುವೈತಿನವರೇ ಆದ ಡಾಕ್ಟರರಿಗೆ ಚಿನ್ನದ ಅಂಚಿನ ಸಣ್ಣ ಗಾಜಿನ ಲೋಟ, ಈಜಿಪ್ಟಿನವರಿಗೆ ಪಿಂಗಾಣಿ ಕಪ್ಪು, ಭಾರತದ ನಮಗೆ ಕಾಗದದ ಕಪ್ಪು. ಯಾರಾದರೂ ಹೀಗೆ ಮಾಡೆಂದು ಅವನಿಗೆ ಹೇಳಿದ್ದನ್ನು ನಾನು ಕೇಳಲಿಲ್ಲ. ನನಗೆ ಬೇಸರವೂ ಆಗಲಿಲ್ಲ. ಒಂದೇ ಕೆಲಸಕ್ಕೆ ಪಾಸ್‌ಪೋರ್ಟು ನೋಡಿ ಸಂಬಳ ಕೊಡುವ ಕಡೆ ಕಪ್ಪಿನದ್ದೇನು? ರಸ್ತೆಯಲ್ಲಿ ಪೊಲೀಸರು ನಿಲ್ಲಿಸಿ ಗುರುತಿನ ಚೀಟಿ ಕೇಳಿದರೆ ತೋರಿಸುವುದು, ಬಿಸಿಲಲ್ಲಿ ಕೂರಿಸಿದರೆ ಕೂರುವುದು. ಅಲ್ಲಿ ಎಲ್ಲವೂ ಕಣ್ಣಿಗೆ ಕಾಣುವ ಹಾಗೆ ಇತ್ತು.

ಇಂಗ್ಲೆಂಡಿನ ಲ್ಯಾಬಿನಲ್ಲಿ ಎಲ್ಲರೂ ಸಮಾನರು ಎಂದು ಗೋಡೆಯಲ್ಲೇ ಬರೆದು ಅಂಟಿಸಿದ್ದರು. ಚಹಾ ಕೋಣೆಯಲ್ಲಿ ಕೊಕ್ಕೆಗಳಲ್ಲಿ ಮಗ್ಗುಗಳು ನೇತಾಡುತ್ತಿದ್ದವು. ಅಲ್ಲಿ ಒಬ್ಬರು ಎದ್ದರೆ ಉಳಿದವರಿಗೂ ಚಹಾ ಮಾಡಿ ತರುವುದು ಕ್ರಮ. ನಾಲ್ಕು ತಿಂಗಳು ಆ ಚಹಾ ನನ್ನ ಮೇಜನ್ನು ದಾಟಿ ಹೋಗುತ್ತಿತ್ತು. ಎಲ್ಲರೂ ನಗುತ್ತಿದ್ದರು, ಹವೆಯ ಬಗ್ಗೆ ಮಾತಾಡುತ್ತಿದ್ದರು. ಕೆಟ್ಟದಾಗಿ ಒಂದು ಮಾತೂ ಇಲ್ಲ. ಅವರಿಗೆ ಹೊಳೆಯಲಿಲ್ಲವೋ, ನಾನು ಕುಡಿಯುವವನಲ್ಲ ಎಂದುಕೊಂಡರೋ, ನಾನೇ ಎದ್ದು ಮೊದಲು ಮಾಡಬೇಕಿತ್ತೋ, ಇವತ್ತಿಗೂ ಗೊತ್ತಿಲ್ಲ. ಕೊನೆಗೆ ಒಂದು ದಿನ ರಕ್ತ ತೆಗೆಯುವ ವಿಭಾಗದ ಹೆಂಗಸೊಬ್ಬರು, ಜಮೈಕಾ ಮೂಲದ ಕಪ್ಪು ಹೆಂಗಸು, ಬಾಗಿಲಲ್ಲಿ ನಿಂತು "ನಿಮಗೆ ಸಕ್ಕರೆ ಎಷ್ಟು?" ಎಂದು ಕೇಳಿದರು. ಅಂದಿನಿಂದ ನನಗೂ ಒಂದು ಮಗ್ಗು ಆಯಿತು. ಅವರು ತೊಳೆದ ಮಗ್ಗಿನಲ್ಲಿ ನಾನು ಐದು ವರ್ಷಕ್ಕೂ ಮೇಲೆ ಚಹಾ ಕುಡಿದಿದ್ದೇನೆ.

ಇಷ್ಟು ಹೇಳಿದಾಗ ನನ್ನ ವಿದ್ಯಾರ್ಥಿ ಕೇಳಿದ: "ಆ ಬಾಂಗ್ಲಾದೇಶದ ಮನುಷ್ಯ ಯಾವುದರಲ್ಲಿ ಕುಡಿಯುತ್ತಿದ್ದ ಸರ್?"

ನಾನು ನೋಡಿರಲಿಲ್ಲ. ಹನ್ನೊಂದು ವರ್ಷದಲ್ಲಿ ಒಂದು ಸಲವೂ ನೋಡಿರಲಿಲ್ಲ. ಹಾಗೆಂದು ಹೇಳಿದೆ. ಅವನು ತಲೆಯಾಡಿಸಿ, ಇಲ್ಲಿ ಹೇಗೆ ಸರ್ ಎಂದು ಕೇಳಿದ. "ಇಲ್ಲಿ ಜನ ಒಳ್ಳೆಯವರು, ಗೊತ್ತಿಲ್ಲ ಅಷ್ಟೆ. ಒಂದೇ ಪೇಟೆಯಲ್ಲಿ ತುಳು, ಕನ್ನಡ, ಕೊಂಕಣಿ, ಬ್ಯಾರಿ ಎಲ್ಲ ನಡೆಯುತ್ತದೆ. ನಮಗೆ ಬೇರೆಯವರು ಹೊಸತಲ್ಲ" ಎಂದೆ. ಇದೇ ಮಾತನ್ನು ನಾನು ಇಂಗ್ಲೆಂಡಿನಲ್ಲೂ ಎಷ್ಟೋ ಸಲ ಹೇಳಿದ್ದೆ.

ಅಕ್ಕನ ನೆನಪು ನನಗೆ ತಡವಾಗಿ ಬಂತು. ಅವಳು ನನಗಿಂತ ಎಂಟು ವರ್ಷ ದೊಡ್ಡವಳು, ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತಿಯಾದವಳು. ಬೆಳ್ತಂಗಡಿ ತಾಲೂಕಿನ ಏಳೆಂಟು ಶಾಲೆಗಳಲ್ಲಿ ಮಕ್ಕಳಿಗೆ ಕಲಿಸಿದ್ದಾಳೆ. ವೇಣೂರು ಪೇಟೆಯಿಂದ ನಡೆಯುವಷ್ಟು ದೂರದಲ್ಲಿ ಅವಳ ತಾರಸಿ ಮನೆ. ಮೇಲೆ ಒಂದು ರೂಮು, ಹೊರಗಿನಿಂದಲೇ ಮೆಟ್ಟಿಲು. ಮೂಡುಬಿದಿರೆಗೆ ಬಸ್ಸು ಬೇಕಷ್ಟು. ಫೋನು ಮಾಡಿ ಎಲ್ಲ ಹೇಳಿದೆ, ಬಣ್ಣವನ್ನೂ ಹೇಳಿದೆ.

"ಅದಕ್ಕೆಂತ ಈಗ? ಓದುವ ಮಕ್ಕಳು ತಾನೆ. ಕರಕೊಂಡು ಬಾ, ನೋಡುವ" ಎಂದಳು ಅಕ್ಕ. ಒಂಬತ್ತು ಮನೆಗಳಾದ ಮೇಲೆ ಆ "ನೋಡುವ" ಕೇಳಿ ನನಗೆ ಕಣ್ಣು ಮಂಜಾಯಿತು. ವೀಸಾದ ಅವಧಿಗೆ ಆಗ ಹತ್ತು ದಿನ ಉಳಿದಿತ್ತು.

ಶನಿವಾರ ಎರಡೂವರೆಗೆ ನಾವು ಬಸ್ಸಿಳಿದೆವು. ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. ಅಂಗಳದಲ್ಲಿ ಕೆಲಸದ ಹೆಂಗಸು ತೆಂಗಿನ ಗರಿ ರಾಶಿ ಮಾಡುತ್ತಿದ್ದಳು. ಇಪ್ಪತ್ತು ವರ್ಷಕ್ಕೂ ಮೇಲಿಂದ ಆ ಅಂಗಳ ಗುಡಿಸುವವಳು ಅವಳೇ. ನನ್ನನ್ನು ಕಂಡು, "ಅಣ್ಣೇರು ಬಂದರಾ? ಯಾರು ಇದು, ಇಷ್ಟು ಉದ್ದ? ತೆಂಗಿನಕಾಯಿ ಕೀಳಲಿಕ್ಕೆ ದೋಟಿ ಬೇಡ ಇನ್ನು!" ಎಂದು ನಕ್ಕಳು. ಏನೆಂದಳು ಎಂದು ಅವನು ಕೇಳಿದ. ಹೇಳಿದೆ. ಅವನು ಅವಳ ಕಡೆ ತಿರುಗಿ ಕೈಯನ್ನು ಮೇಲಕ್ಕೆ ಚಾಚಿ ಕಾಯಿ ತಿರುವಿದ ಹಾಗೆ ಮಾಡಿದ. ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು.

ಕಾಲು ತೊಳೆಯಲು ಹೊರಗಿನ ನಲ್ಲಿಗೆ ಹೋದೆವು. ನಲ್ಲಿಯ ಮೇಲೆ ಗೋಡೆಯಲ್ಲಿ ಒಂದು ಗೂಡು ಉಂಟು. ಅದರಲ್ಲಿ ಒಂದು ಸ್ಟೀಲಿನ ಲೋಟವೂ ಒಂದು ನೆಗ್ಗಿದ ಅಲ್ಯುಮಿನಿಯಂ ತಟ್ಟೆಯೂ ಬೋರಲಾಗಿ ಇದ್ದವು. ಅವನು ಬಾಯಾರಿದ್ದನೋ ಏನೋ, ಲೋಟಕ್ಕೆ ಕೈ ಹಾಕಲು ಹೋದ.

"ಬೇಡ, ಬೇಡ. ಒಳಗೆ ಕೊಡ್ತಾರೆ" ಎಂದೆ.

"ಇದು ಯಾರದು ಸರ್?"

"ಕೆಲಸದವರದ್ದು."

"ಅವರು ಒಳಗಿನದ್ದರಲ್ಲಿ ಕುಡಿಯುವುದಿಲ್ಲವಾ?"

ನಾನು ಕಾಲು ಉಜ್ಜುತ್ತಾ ಹೇಳಿದೆ: "ಹಳೆಯ ಪದ್ಧತಿ. ಈಗ ಎಲ್ಲ ಕಡಿಮೆಯಾಗಿದೆ. ಅಕ್ಕ ಒಳ್ಳೆಯವಳು. ಅದು ಹಾಗೇ ಉಳಿದುಬಿಟ್ಟಿದೆ."

ಅವನು ಗೂಡನ್ನು ಇನ್ನೊಮ್ಮೆ ನೋಡಿದ. "ನನ್ನ ಅಮ್ಮನಿಗೂ ಒಂದು ಇತ್ತು. ನೀಲಿ ಪ್ಲಾಸ್ಟಿಕ್ ಕಪ್ಪು. ನಮ್ಮ ಊರಿನಲ್ಲಿ ಭಾರತದವರ ಮನೆಯಲ್ಲಿ ಅಮ್ಮ ಬಟ್ಟೆ ಒಗೆಯುತ್ತಿದ್ದಳು. ಕಪ್ಪು ಹಿಂದಿನ ಕಿಟಕಿಯ ಮೇಲೆ ಇರುತ್ತಿತ್ತು. ಅವರೂ ಒಳ್ಳೆಯವರೇ ಸರ್. ನನ್ನ ಶಾಲೆಯ ಪುಸ್ತಕ ಅವರೇ ತೆಗೆದುಕೊಟ್ಟದ್ದು" ಎಂದ. ಹೇಳಿದ್ದು ನಗುತ್ತಲೇ. ಅದರಲ್ಲಿ ಯಾವ ಚುಚ್ಚೂ ನನಗೆ ಕಾಣಲಿಲ್ಲ. ಇತ್ತೋ ಇಲ್ಲವೋ ಹೇಳಲಾರೆ.

ಜಗಲಿಯಲ್ಲಿ ಕುಳಿತ ಕೂಡಲೇ ಅಕ್ಕ ಬೆಲ್ಲ ನೀರು ತಂದಳು. ನಮ್ಮ ಕಡೆ ಯಾರು ಮನೆಗೆ ಬಂದರೂ ಮೊದಲು ಅದು. ತಟ್ಟೆಯಲ್ಲಿ ಎರಡು ತುಂಡು ಬೆಲ್ಲ, ಎರಡು ಲೋಟ ನೀರು. ಎರಡೂ ಲೋಟ ಒಂದೇ ಜಾತಿಯವು, ಒಳಗಿನ ಕಪಾಟಿನವು. ಅದನ್ನು ನಾನು ಗಮನಿಸಿ ನೋಡಿದೆ. ನನಗೆ ಸಮಾಧಾನವಾಯಿತು. ಆ ಸಮಾಧಾನದಲ್ಲೇ ಒಂದನ್ನು ಹೇಳಲು ಮರೆತೆ. ಬೆಲ್ಲದ ಜೊತೆಗಿನ ನೀರನ್ನು ನಮ್ಮ ಮನೆಗಳಲ್ಲಿ ತುಟಿಗೆ ತಾಗಿಸದೆ, ಎತ್ತಿ ಬಾಯಿಗೆ ಸುರಿದುಕೊಂಡು ಕುಡಿಯುವುದು. ಅವನಿಗೆ ಅದು ಹೇಗೆ ಗೊತ್ತಿರಬೇಕು? ಅವನು ಕಚ್ಚಿ ಕುಡಿದ. ನನಗೂ ಪರದೇಶದಲ್ಲಿ ಆ ಅಭ್ಯಾಸ ಬಿಟ್ಟುಹೋಗಿದೆ, ನಾನೂ ಕಚ್ಚಿಯೇ ಕುಡಿದೆ. ಅಕ್ಕ ಎದುರಿಗೇ ಇದ್ದಳು. ಇದು ಮುಖ್ಯ, ಅದಕ್ಕೇ ಹೇಳುತ್ತಿದ್ದೇನೆ: ನಾವಿಬ್ಬರೂ ಕುಡಿದದ್ದು ಒಂದೇ ರೀತಿ.

ಮಾತು ಚೆನ್ನಾಗಿ ನಡೆಯಿತು, ಅವನಿಗೆ ತಿಳಿಯದ್ದನ್ನು ನಾನು ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ. "ಸೌಖ್ಯವಾ ಟೀಚರ್?" ಎಂದು ಅವನು ಕನ್ನಡದಲ್ಲಿ ಕೇಳಿದ್ದೇ ಅಕ್ಕ ಅರ್ಧ ಒಲಿದುಬಿಟ್ಟಳು.

"ನಿಮ್ಮಲ್ಲಿ ಅನ್ನ ಉಣ್ಣುದುಂಟಾ?"

"ಉಂಟು. ತೆಂಗಿನಕಾಯಿ ಹಾಲು ಹಾಕಿ."

"ಅಯ್ಯೋ, ನಮ್ಮ ಹಾಗೆಯೇ! ಮತ್ತೆ ಮೀನು?"

"ಮೀನು ತುಂಬಾ."

"ನೋಡು ತಮ್ಮ, ಇವನಿಗೆ ಇಲ್ಲಿ ಒಂದು ಮಣ್ಣೂ ಕಷ್ಟ ಆಗ್ಲಿಕ್ಕಿಲ್ಲ" ಎಂದಳು ನನಗೆ. ಆಮೇಲೆ ಟೀಚರ ಧ್ವನಿಯಲ್ಲಿ ಅವನಿಗೆ: "ಫ್ರೆಂಡ್ಸು ಅಂತ ರಾಶಿ ಜನ ಬರ್ಲಿಕ್ಕಿಲ್ಲ. ಕುಡಿಲಿಕ್ಕಿಲ್ಲ. ಮೊಬೈಲಿನಲ್ಲಿ ದೊಡ್ಡ ಪದ್ಯ ಹಾಕ್ಲಿಕ್ಕಿಲ್ಲ."

"ಸಣ್ಣ ಪದ್ಯ?" ಎಂದ ಅವನು.

ಅಕ್ಕ ಜೋರಾಗಿ ನಕ್ಕಳು. ಮೇಲೆ ಹೋಗಿ ರೂಮು ತೋರಿಸಿದಳು. ಸೋಮವಾರ ಬೆಳಿಗ್ಗೆ ಬಾಡಿಗೆ ಪತ್ರಕ್ಕೆ ಸಹಿ ಹಾಕುತ್ತೇನೆ, ಪೊಲೀಸರ ಫಾರ್ಮನ್ನೂ ತುಂಬಿಸುವ ಎಂದಳು. ಮೆಟ್ಟಿಲಿಳಿಯುವಾಗ ಅವನು ಎರಡು ಸಲ ನನ್ನ ಕೈ ಹಿಡಿದ. ಅವನಿಗೆ ಕಾಲೇಜಿನಲ್ಲಿ ಕೆಲಸ ಇತ್ತು, ಮೂರೂವರೆಯ ಬಸ್ಸಿಗೆಂದು ಹೊರಟ. ನಾನು ಅಕ್ಕ ಕಟ್ಟಿಕೊಡುವ ಊಟದ ಡಬ್ಬಿ ತೆಗೆದುಕೊಂಡು ಆಮೇಲೆ ಹೋಗುವುದೆಂದು ಉಳಿದೆ. ಹಸಿರು ಫೈಲು ಜಗಲಿಯ ಕುರ್ಚಿಯಲ್ಲೇ ಉಳಿದದ್ದನ್ನು ನಾನೂ ನೋಡಲಿಲ್ಲ, ಅವನೂ ನೋಡಲಿಲ್ಲ. ಒಂದು ತಿಂಗಳಲ್ಲಿ ಆ ಫೈಲನ್ನು ಅವನು ಕೈಬಿಟ್ಟದ್ದು ಅದೊಂದೇ ಸಲ. ಅಷ್ಟು ನಿಶ್ಚಿಂತೆಯಾಗಿತ್ತು ಅವನಿಗೆ.

ನಾನು ಎರಡು ಲೋಟ ಎತ್ತಿಕೊಂಡು, ಜಗಲಿಯ ಬದಿಯಿಂದ ಸುತ್ತಿ ಅಡಿಗೆಮನೆಯ ಕಡೆ ಹೊರಟೆ. ನಲ್ಲಿಯ ಹತ್ತಿರ ಬಂದಾಗ ಅಕ್ಕ ಒಳಗಿನಿಂದಲೇ ಹೇಳಿದಳು:

"ತಮ್ಮ, ನಿನ್ನದು ಒಳಗೆ ತಾ. ಅದು ಅವನು ಕುಡಿದದ್ದನ್ನು ಅಲ್ಲೇ ಹೊರಗೆ ಇಡು. ಇನ್ನು ಅದು ಅವನಿಗೇ ಆಯ್ತು."

ಅವಳ ಧ್ವನಿಯಲ್ಲಿ ಅಸಹ್ಯ ಇರಲಿಲ್ಲ. ಒಗ್ಗರಣೆಗೆ ಕರಿಬೇವು ತಾ ಎಂದ ಹಾಗೆ ಇತ್ತು. ನಾನು ಏನೂ ಯೋಚಿಸಲಿಲ್ಲ. ಯೋಚಿಸಿ ಒಪ್ಪಿದೆ ಎಂದಾದರೆ ಅದಕ್ಕೆ ಒಂದು ಕಾರಣವಾದರೂ ಹೇಳಬಹುದಿತ್ತು. ನನ್ನ ಎಡಗೈ ನಲ್ಲಿಯ ಕೆಳಗೆ ಲೋಟವನ್ನು ಹಿಡಿಯಿತು, ನೀರು ಚೆಲ್ಲಿತು, ಗೂಡಿನಲ್ಲಿ ಕೆಲಸದವಳ ಲೋಟದ ಪಕ್ಕ ಬೋರಲು ಇಟ್ಟಿತು. ಹದಿನೇಳು ವರ್ಷ ಪರದೇಶದಲ್ಲಿ ಎಲ್ಲರ ರಕ್ತವನ್ನೂ ಒಂದೇ ಬಗೆಯ ಗಾಜಿನ ನಳಿಗೆಯಲ್ಲಿ ಹಿಡಿದ ಕೈ ಅದು. ಗೂಡಿನಲ್ಲಿ ಎರಡನೆಯ ಲೋಟಕ್ಕೆ ಜಾಗ ಮಾಡಲು ಮೊದಲನೆಯದನ್ನು ಸ್ವಲ್ಪ ಸರಿಸಿದ್ದೂ ನೆನಪಿದೆ.

ಆಮೇಲೆ ಬಲಗೈಯಲ್ಲಿ ನನ್ನ ಲೋಟ ಹಿಡಿದು ಬಾಗಿಲ ಕಡೆ ತಿರುಗಿದೆ. ಗೇಟಿನಲ್ಲಿ ಅವನು ನಿಂತಿದ್ದ.

ಎಷ್ಟು ಹೊತ್ತಿನಿಂದ ನಿಂತಿದ್ದ ಎಂದು ನನಗೆ ಗೊತ್ತಿಲ್ಲ. ಅಕ್ಕ ಹೇಳಿದ ಮಾತು ಅವನಿಗೆ ಕೇಳಿಸಿರಲಿಕ್ಕಿಲ್ಲ, ಕೇಳಿಸಿದರೂ ಪೂರ್ತಿ ಅರ್ಥವಾಗುವಷ್ಟು ಕನ್ನಡ ಇಲ್ಲ. ಆದರೆ ಗೂಡು ಯಾರಿಗೆಂದು ಒಂದು ಗಂಟೆಯ ಮೊದಲು ನಾನೇ ಅವನಿಗೆ ಹೇಳಿಕೊಟ್ಟಿದ್ದೆ. ಅವನ ಕಣ್ಣು ಗೂಡಿನ ಮೇಲೆ ಇತ್ತು. ಅಲ್ಲಿಂದ ನನ್ನ ಬಲಗೈಗೆ ಬಂತು. ಮುಖಕ್ಕೆ ಬರಲಿಲ್ಲ.

"ಸರ್, ಫೈಲ್" ಎಂದ.

ನಾನು ಜಗಲಿಗೆ ಓಡಿದೆ. ಆ ಲೋಟವನ್ನು ಕೈಯಲ್ಲಿ ಹಿಡಿದುಕೊಂಡೇ ಓಡಿದೆ. ಫೈಲು ತಂದುಕೊಟ್ಟೆ. ಅವನು ಎರಡೂ ಕೈಯಲ್ಲಿ ತೆಗೆದುಕೊಂಡು, ಥ್ಯಾಂಕ್ಯೂ ಸರ್ ಎಂದು ಹೇಳಿ ಹೋದ. ಬಸ್ಸು ತಪ್ಪಿತೋ ಎಂದು ಕೇಳಿದ್ದೇನೆ ಎಂದು ಕಾಣುತ್ತದೆ.

ಕೆಲಸದ ಹೆಂಗಸು ಗರಿಯ ರಾಶಿಯ ಹತ್ತಿರ ಪೊರಕೆ ಹಿಡಿದು ಹಾಗೇ ನಿಂತಿದ್ದಳು. ಅವನು ತಿರುವಿನಲ್ಲಿ ಮರೆಯಾಗುವವರೆಗೆ ನೋಡಿ, ಆಮೇಲೆ ಗೂಡಿನ ಹತ್ತಿರ ಬಂದು, ಎರಡು ಲೋಟವನ್ನೂ ನೋಡಿ, ನನಗೆ ಹೇಳಿದಳು:

"ಒಂದೇ ನಮೂನೆಯದ್ದಲ್ವಾ ಅಣ್ಣೇರೆ. ನಾಳೆ ನನ್ನದು ಯಾವುದು, ಅವರದ್ದು ಯಾವುದು ಅಂತ ಹೇಗೆ ಗೊತ್ತಾಗುದು? ಅವರ ಲೋಟದಲ್ಲಿ ನಾನು ಕುಡಿದರೆ ಅವರು ಬೇಜಾರು ಮಾಡಿಕೊಳ್ಳುದಿಲ್ವಾ?"

ಅವಳು ತಮಾಷೆ ಮಾಡಿದಳೋ ನಿಜವಾಗಿ ಕೇಳಿದಳೋ ನನಗೆ ತಿಳಿಯಲಿಲ್ಲ. ಎರಡು ದಶಕದಿಂದ ಅಲ್ಲಿ ಅವಳ ಲೋಟ ಬೋರಲು ಬಿದ್ದಿದೆ. ರಜೆಯಲ್ಲಿ ಬಂದಾಗಲೆಲ್ಲ ಆ ನಲ್ಲಿಯಲ್ಲಿ ಕಾಲು ತೊಳೆದ ನಾನು ಅದನ್ನು ಅಷ್ಟು ಸಲ ನೋಡಿದ್ದೇನೆ.

ಅಡಿಗೆಮನೆಯಲ್ಲಿ ಅಕ್ಕನಿಗೆ ಹೇಳಿದೆ, ಅವನು ನೋಡಿದ ಎಂದು.

"ನೋಡಿದರೆ ಎಂತ? ಅವನು ಕಚ್ಚಿ ಕುಡಿದ, ಅದಕ್ಕೆ" ಎಂದಳು.

"ನಾನೂ ಕಚ್ಚಿಯೇ ಕುಡಿದದ್ದಲ್ವಾ?"

"ನೀನು ಮನೆಯವ."

ಸ್ವಲ್ಪ ಹೊತ್ತು ತೆಂಗಿನಕಾಯಿ ತುರಿದಳು. ತುರಿಯುತ್ತಲೇ ಅವಳ ಧ್ವನಿ ಏರಿತು. "ಒಂಬತ್ತು ಮನೆಯವರು ಬಾಗಿಲು ಹಾಕಿದರಲ್ಲ, ಅವರನ್ನು ಹೋಗಿ ಕೇಳು ಮಾರಾಯ. ನಾನು ಮನೆ ಕೊಟ್ಟಿದ್ದೇನೆ, ಬೆಲ್ಲ ನೀರು ಕೊಟ್ಟಿದ್ದೇನೆ, ಪೊಲೀಸರಿಗೆ ಬರೆದುಕೊಡ್ತೇನೆ ಅಂದಿದ್ದೇನೆ. ಇನ್ನೆಂತ ಮಾಡಬೇಕು? ಜಾಸ್ತಿ ಮಾತಾಡಿದರೆ ಬೇಡ ಅಂತ ಹೇಳಿಬಿಡ್ತೇನೆ, ಕಡೆಗೆ ನಿನಗೇ ಕಷ್ಟ."

ನಾನು ಜಾಸ್ತಿ ಮಾತಾಡಲಿಲ್ಲ. ಕಷ್ಟ ನನಗಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅವಳು ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ಅವಳೊಬ್ಬಳೇ ಹ್ಞೂಂ ಎಂದವಳು. ಊಟದ ಡಬ್ಬಿ ಹಿಡಿದು ಹೊರಟಾಗ ಗೂಡಿನ ಲೋಟವನ್ನು ತೆಗೆದು ಒಳಗೆ ಇಡಬೇಕೆಂದು ಮನಸ್ಸಾಯಿತು. ಇಟ್ಟರೆ ಅಕ್ಕ ರೂಮು ಇಲ್ಲ ಎಂದರೆ? ಅಲ್ಲೇ ಬಿಟ್ಟೆ.

ಭಾನುವಾರ ಇಡೀ ದಿನ ಫೋನು ಕೈಯಲ್ಲಿ ಹಿಡಿದು ಕುಳಿತಿದ್ದೆ. ಕ್ಷಮಿಸು ಎನ್ನಬೇಕಿತ್ತು. ಆದರೆ ಕ್ಷಮಿಸು ಎಂದರೆ, ನೀನು ನೋಡಿದ್ದು ನಿಜ ಎಂದ ಹಾಗೆ. ನಿಜ ಎಂದು ಇಬ್ಬರೂ ಒಪ್ಪಿದ ಮೇಲೆ ಅವನು ಆ ಮನೆಗೆ ಯಾವ ಮುಖದಲ್ಲಿ ಬರಬೇಕು? ಬರದಿದ್ದರೆ ಎಂಟು ದಿನಕ್ಕೆ ವೀಸಾ ಮುಗಿಯುತ್ತದೆ. ನಾನು ಸುಮ್ಮನಿದ್ದರೆ ಅವನಿಗೆ ವಿಳಾಸ ಸಿಗುತ್ತದೆ. ಸುಮ್ಮನಿರುವುದು ನನಗೂ ಅನುಕೂಲವೇ. ಯಾವುದಕ್ಕಾಗಿ ಸುಮ್ಮನಿದ್ದೆ ಎಂದು ಈಗ ಬೇರ್ಪಡಿಸಿ ಹೇಳಲಾರೆ. ಸಂಜೆ ಅವನದೇ ಸಂದೇಶ ಬಂತು: ನಾಳೆ ಒಂಬತ್ತಕ್ಕೆ ವೇಣೂರಿನಲ್ಲಿ ಇರುತ್ತೇನೆ ಸರ್.

ಸೋಮವಾರ ಅವನು ಬಂದ. ಅದೇ ಬಿಳಿ ಅಂಗಿ. ಅಕ್ಕ ಬೆಲ್ಲ ನೀರು ತರಲು ಎದ್ದಾಗ, "ಬೇಡ ಟೀಚರ್, ಈಗ ಕುಡಿದೆ" ಎಂದು ಚೀಲದಿಂದ ಬಾಟಲಿ ತೆಗೆದು ತೋರಿಸಿದ. ಸಹಿಗಳಾದವು. ಫಾರ್ಮು ಹೋಯಿತು. ವೀಸಾ ಆಯಿತು. ಈಗ ಅವನು ಮೇಲಿನ ರೂಮಿನಲ್ಲಿದ್ದಾನೆ. ಅಕ್ಕನಿಗೆ ಪೇಟೆಯಿಂದ ಮಾತ್ರೆ ತಂದುಕೊಡುತ್ತಾನೆ, ಸಕ್ಕರೆ ಪರೀಕ್ಷೆಗೆ ಅವಳ ಬೆರಳು ಚುಚ್ಚುತ್ತಾನೆ. ಅವನನ್ನು ಬಿಟ್ಟು ಬೇರೆ ಯಾರೂ ಚುಚ್ಚುವುದು ಬೇಡ ಎನ್ನುತ್ತಾಳೆ. ಕಾಲೇಜಿನಲ್ಲಿ ಅವನು ನನಗೆ ಮೊದಲಿನ ಹಾಗೆಯೇ ನಮಸ್ಕರಿಸುತ್ತಾನೆ. ಹೋಟೆಲಿಗೆ ಚಹಾಕ್ಕೆ ಕರೆದರೆ ಮಾತ್ರ ಓದಲಿಕ್ಕೆ ಉಂಟು ಎನ್ನುತ್ತಾನೆ.

ಹೋದ ತಿಂಗಳು ಅಕ್ಕ ಫೋನಿನಲ್ಲಿ ಹೇಳಿದಳು: "ಒಳ್ಳೆಯವ ಮಾರಾಯ. ಆದರೆ ನಮ್ಮಲ್ಲಿ ಒಂದು ತೊಟ್ಟು ನೀರು ಮುಟ್ಟುದಿಲ್ಲ. ಪಾಯಸ ಮಾಡಿ ಕರೆದೆ, ಅದೂ ಬೇಡ ಅಂದ. ಎಲ್ಲದಕ್ಕೂ ಅವನದೇ ಬಾಟಲಿ. ಅವರ ದೇಶದಲ್ಲಿ ಹಾಗೆ ಉಂಟೋ ಏನೋ, ಬೇರೆಯವರ ಪಾತ್ರೆ ಆಗುದಿಲ್ಲ ಅಂತ. ಹೀಗೆ ಮಾಡಿದರೆ ಎದುರಿನವರಿಗೆ ಬೇಜಾರಾಗುದಿಲ್ವಾ ಹೇಳು?"

ಹೌದು ಎಂದೆ.

ಕಳೆದ ವಾರ ಹೋದಾಗ ಗೂಡು ನೋಡಿದೆ. ಎರಡು ಲೋಟವೂ ಉಂಟು. ಒಂದರ ಅಂಚಿಗೆ ಕೆಂಪು ದಾರ ಕಟ್ಟಿದೆ. ತನ್ನದರ ಗುರುತಿಗೆ ಕೆಲಸದ ಹೆಂಗಸೇ ಕಟ್ಟಿಕೊಂಡದ್ದಂತೆ. ಇನ್ನೊಂದರ ಬೆನ್ನ ಮೇಲೆ ಧೂಳು ಕೂತಿದೆ.

ಆ ಮಧ್ಯಾಹ್ನ ಅಲ್ಲಿದ್ದವರು ನಾವು ನಾಲ್ಕು ಜನ, ನಾಲ್ವರೂ ಇದ್ದೇವೆ. ಒಬ್ಬಳು ನನ್ನ ಅಕ್ಕ. ಅವಳು ಒಳಗಿದ್ದಳು, ಕೈಯಿಂದ ಇಟ್ಟದ್ದು ನಾನು, ಅವಳು ನೋಡಿಲ್ಲ. ಒಬ್ಬಳು ಅಂಗಳ ಗುಡಿಸುವ ಹೆಂಗಸು. ಅವಳು ಪೂರ್ತಿ ನೋಡಿದ್ದಾಳೆ, ಪೇಟೆಯ ಆಚೆ ತನ್ನ ಮನೆಯಲ್ಲಿದ್ದಾಳೆ, ಯಾರೂ ಅವಳನ್ನು ಕೇಳಿಲ್ಲ. ಒಬ್ಬ ಮೇಲಿನ ರೂಮಿನಲ್ಲಿದ್ದಾನೆ, ಬರುವ ವರ್ಷ ಪರೀಕ್ಷೆ ಮುಗಿಯುವವರೆಗೆ ಇರುತ್ತಾನೆ. ಇನ್ನೊಬ್ಬ ನಾನು.